ತಂಗಿಯ ಕಾಲಿನ ಕಪ್ಪು ಚುಕ್ಕೆ

ಮಾರ್ಚ್ 4, ಸಂಜೆ

ಮತ್ತೆ ಅದೇ ಕಪ್ಪು ಚುಕ್ಕೆ. ದರಿದ್ರ ಕ್ಯಾಮೆರಾ! ನಮ್ಮ ಲ್ಯಾಬಿನಲ್ಲಿ ಮಾಡಿದ ಹೊಸ ಪಟ್ಟಿ ಚೆನ್ನಾಗಿಯೇ ಹೊಳೆಯುತ್ತಿದೆ. ಚರ್ಮಕ್ಕೆ ಅಂಟಿಸಿ ಲೇಸರ್ ಬಿಟ್ಟರೆ ಸಾಕು, ಕಣ್ಣಿಗೆ ಕಾಣದ ಬೆಳಕು ಸೂಸುತ್ತದೆ. ಅದು ಕ್ಯಾಮೆರಾಗೆ ಮಾತ್ರ ಕಾಣುವುದು. ಒಳಗೆ ಎಲ್ಲಿ ಬಿಸಿಯೋ ಅಲ್ಲಿ ಕಪ್ಪು. ಸೂಜಿಯಿಲ್ಲ, ಚುಚ್ಚುವುದಿಲ್ಲ.

ತಂಗಿಯ ಎಡ ಮೀನಖಂಡವೇ ನಮ್ಮ ಬ್ಲ್ಯಾಂಕ್. ಆರೋಗ್ಯವಂತ ಕಾಲು ಹೇಗಿರಬೇಕು ಎನ್ನುವುದಕ್ಕೆ ಮಾದರಿ. ದಿನಾ ಓಡುವವಳು, ಉಕ್ಕಿನ ಕಾಲು. ಅವಳ ಚಿತ್ರದಲ್ಲೂ ಕಪ್ಪು ಎಂದರೆ ಲೆನ್ಸಿನ ಕೊಳೆಯೇ. ಈ ಕ್ಯಾಮೆರಾದ ಎಲ್ಲ ಚಿತ್ರಗಳಿಂದಲೂ ಆ ಚುಕ್ಕೆಯನ್ನು ಕಂಪ್ಯೂಟರಿನಲ್ಲಿ ಕಳೆಯುವುದೆಂದು ತೀರ್ಮಾನಿಸಿಬಿಟ್ಟೆ.

"ಕಾಲು ಹಿಡ್ಕೊಂಡಿದೆ ಕಣೇ ಅಕ್ಕಾ."

"ನಾಟಕ ಸಾಕು. ಅಲ್ಲಾಡ್ದೆ ಕೂತ್ಕೋ."

ಮಾರ್ಚ್ 8, ಬೆಳಿಗ್ಗೆ

ಕಾರಿನಲ್ಲಿ ಗೀಚುತ್ತಿದ್ದೇನೆ. ಡ್ರೈವರಣ್ಣ ಸಿಗ್ನಲ್ ಸಿಗ್ನಲ್‌ಗೂ ಶಾಪ ಹಾಕುತ್ತಿದ್ದಾನೆ.

ಪಟ್ಟಿ ಪರೀಕ್ಷಿಸುತ್ತಿರುವ ಆಸ್ಪತ್ರೆಯಿಂದ ಕ್ಯಾಮೆರಾ ವಾಪಸ್ ಬಂತು, ಜೊತೆಗೆ ಅದರಲ್ಲೇ ತೆಗೆದ ಮೊದಲ ರೋಗಿಯ ಚಿತ್ರ. ಚುಕ್ಕೆ ಕಳೆದೆ — ಅದೇ ಜಾಗದಲ್ಲಿ ಬಿಳಿ ತೂತು! ಮೂಲ ಚಿತ್ರ ತೆರೆದೆ. ಚೊಕ್ಕವಾಗಿತ್ತು; ಇಲ್ಲದ ಚುಕ್ಕೆಯನ್ನು ಕಳೆದಿದ್ದಕ್ಕೇ ಆ ತೂತು. ನನ್ನ ಕಾಲಿಗೇ ಪಟ್ಟಿ ಅಂಟಿಸಿ ನೋಡಿದೆ. ಚೊಕ್ಕ. ಕೊಳೆ ಲೆನ್ಸಿನಲ್ಲಿ ಇರಲೇ ಇಲ್ಲ. ಅಯ್ಯೋ ದೇವರೇ, ಚುಕ್ಕೆ ಅವಳ ಕಾಲಿನೊಳಗಿತ್ತು!

ಆ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. "ಒಂದೇ ಕಾಲು, ನೋವು, ಒಳಗೆ ಬಿಸಿ... ರಕ್ತ ಹೆಪ್ಪುಗಟ್ಟಿರಬಹುದು. ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ನಡೆಸ್ಲೂ ಬೇಡಿ, ತಕ್ಷಣ ಕರ್ಕೊಂಡ್ ಬನ್ನಿ."

ನಡೆಸಬಾರದಂತೆ! ಇವತ್ತು ಅವಳ ಓಟದ ಸ್ಪರ್ಧೆ. ಅವಳ ಫೋನ್ ಸ್ವಿಚ್ ಆಫ್. ಅಲ್ಲಿಗೇ ಹೊರಟಿದ್ದೇನೆ.

ಅದೇ ದಿನ, ಮಧ್ಯಾಹ್ನ. ಸ್ಕ್ಯಾನ್ ಕೋಣೆಯ ಹೊರಗೆ

ಬರೆಯದಿದ್ದರೆ ತಲೆ ಕೆಟ್ಟುಹೋಗುತ್ತದೆ.

ಕೊನೆಯ ತಿರುವಿನಲ್ಲಿ ಕಾಣಿಸಿದಳು. ಕುಂಟುತ್ತಿದ್ದಳು, ಮುಖ ಸುಣ್ಣದಂತೆ ಬಿಳಿಚಿತ್ತು. ಬೇಲಿಯ ಮೇಲೆ ಬಾಗಿ ಕೂಗಿದೆ — "ನಿಲ್ಲೇ! ನಿಲ್ಲೇ!" ಸುತ್ತಲೂ ಶಿಳ್ಳೆ, ಚಪ್ಪಾಳೆ. ನನ್ನನ್ನು ನೋಡಿದಳು, ನಕ್ಕಳು. ಹುರಿದುಂಬಿಸುತ್ತಿದ್ದೇನೆ ಎಂದುಕೊಂಡಳು, ಪೆದ್ದಿ. ಕೈ ಬೀಸಿದಳು.

ಇನ್ನೂ ಜೋರಾಗಿ ಓಡಿದಳು.

ಗೆರೆ ದಾಟಿ ಎದೆ ಹಿಡಿದು ಕೂತಳು. "ಉಸಿರು... ಅಕ್ಕಾ..." ಅಷ್ಟೇ. ಆಂಬುಲೆನ್ಸಿನಲ್ಲಿ ಇಲ್ಲಿಗೆ ತಂದೆವು.

ಒಳಗೆ ಏನು ಮಾಡುತ್ತಿದ್ದಾರೋ. ನರ್ಸಮ್ಮ ಅವಳ ಶೂ ತಂದು ನನ್ನ ಮಡಿಲಲ್ಲಿಟ್ಟು ಹೋದರು. ಇನ್ನೂ ಬೆಚ್ಚಗಿದೆ.

ಈಗಷ್ಟೇ ಡಾಕ್ಟರ್ ಬಾಗಿಲಿಗೆ ಬಂದು ಕೇಳಿದರು, "ಆ ಚುಕ್ಕೆ ನಿಮಗೆ ಮೊದಲು ಕಂಡಿದ್ದು ಯಾವಾಗ?"

ನಾನು ಮಾರ್ಚ್ 4ರ ಪುಟ ತಿರುವಿ ತೋರಿಸಿದೆ; ಅದು ಶುರುವಾಗುವುದೇ 'ಮತ್ತೆ ಅದೇ' ಎಂದು.