ಯಂತ್ರಕ್ಕೆ ಕಾಣದ ನನ್ನ ಕಣ್ಣಿನ ನೊಣ

ಕಣ್ಣಿನ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಎಡಗಣ್ಣು ಗುಣವಾಗಿದೆ ಎಂದು ನಿಮ್ಮ ಆಸ್ಪತ್ರೆ ತೀರ್ಮಾನಿಸಿದೆ. ಸಂತೋಷ. ಈ ಸುದ್ದಿಯನ್ನು ಕಣ್ಣಿಗೂ ಯಾರಾದರೂ ತಿಳಿಸಬೇಕಿತ್ತು. ಅದರೊಳಗೆ ತೇಲುವ ಕರಿಚುಕ್ಕೆ ಲೇಸರ್ ಹೊಡೆಸಿಕೊಂಡ ಮೇಲೂ ತೇಲುತ್ತಲೇ ಇದೆ. ಇನ್ನೊಮ್ಮೆ ಲೇಸರ್ ಬೇಕಾದೀತೇ ಎಂದು ಕೇಳಿದರೆ, ಸ್ಕ್ಯಾನ್ ಚಿತ್ರದಲ್ಲಿ ಚುಕ್ಕೆಯೇ ಇಲ್ಲ, ಮತ್ತೆ ಬರಬೇಡಿ ಎಂಬ ಉತ್ತರ. 'ಐ ಬೆಗ್ ಟು ಸ್ಟೇಟ್' ಎಂದು ಅರ್ಜಿ ಶುರು ಮಾಡಲು ಕಾಲೇಜಿನಲ್ಲಿ ಕಲಿಸಿದ್ದರು, ಮುಂದಿನದು ಮರೆತಿದೆ. ಆದ್ದರಿಂದ ಕನ್ನಡದಲ್ಲೇ ಬೆಗ್ ಮಾಡುತ್ತೇನೆ.

ನಾನು ಇಂಡಿ ತಾಲ್ಲೂಕಿನ ಹೊರ್ತಿಯವನು, ನಿಂಬೆ ತೋಟದವನು. ಹಣ್ಣು ಆರಿಸುವುದು ನನ್ನ ಕೆಲಸ: ಕಲೆ ಇದ್ದದ್ದು ಉಪ್ಪಿನಕಾಯಿಗೆ, ಇಲ್ಲದ್ದು ಪೇಟೆಗೆ. ಹೋದ ಹಂಗಾಮಿನಲ್ಲಿ ಯಾವ ಹಣ್ಣು ಹಿಡಿದರೂ ಕಲೆ. ಇದೇನು ಹೊಸ ರೋಗವೆಂದು ಗಿಡಗಳಿಗೆಲ್ಲ ಔಷಧ ಹೊಡೆಸಿದೆ. ಸೊಸೆ ಸುವರ್ಣಾ ಬುಟ್ಟಿಯಿಂದ ಒಂದು ಹಣ್ಣೆತ್ತಿ, ತಿರುಗಿಸಿ ತಿರುಗಿಸಿ ನೋಡಿ, "ಮಾವಾರ, ಇಷ್ಟು ಚಂದ ಹಣ್ಣು ಉಪ್ಪಿನಕಾಯಿಗೆ ಹಾಕೀರಲ್ರೀ, ಊರಿಗೆಲ್ಲಾ ಊಟಾ ಹಾಕಾವ್ರದೀರೇನು?" ಎಂದಳು. ರೋಗ ಗಿಡಕ್ಕಲ್ಲ, ನನಗೆ ಎಂದು ಗೊತ್ತಾದದ್ದು ಹಾಗೆ.

ಲೇಸರ್‌ಗೆ ಮೊದಲು ನಿಮ್ಮಲ್ಲಿ ಮುಚ್ಚಿದ ರೆಪ್ಪೆಗೆ ತಣ್ಣನೆಯ ಜೆಲ್ ಸವರಿ ಸ್ಕ್ಯಾನ್ ಮಾಡಿದರು. "ಮ್ಯಾಲ ನೋಡ್ರಿ, ತೆಳಗ ನೋಡ್ರಿ, ಎಡಕ್ಕ, ಬಲಕ್ಕ." ಕಣ್ಣು ಹೊರಳಿದಂತೆ ಪರದೆಯ ಮೇಲೆ ಚುಕ್ಕೆಯೂ ಮೆರವಣಿಗೆ ಹೊರಟಿತು, ತೆರೆದಿದ್ದ ಬಲಗಣ್ಣಿನಿಂದ ನಾನೇ ನೋಡಿದೆ. ಅಳತೆ ತೆಗೆದುಕೊಂಡರು. ಲೇಸರ್ ಆದ ಮೇಲಿನ ಸ್ಕ್ಯಾನ್ ಮಾತ್ರ ಊಟದ ಹೊತ್ತಿಗೆ ಬಂತು. "ಸುಮ್ನ ನೆಟ್ಟಗ ನೋಡ್ರಿ" ಎಂದರು, ಅಷ್ಟೇ, ಊಟಕ್ಕೆ ಎದ್ದರು. ಚುಕ್ಕೆ ಎಲ್ಲೋ ತಳದಲ್ಲಿ ಕೂತಿತ್ತು, ಸಿಗಲಿಲ್ಲ.

ನಿಮ್ಮ ಕಿರಿಯ ವೈದ್ಯರು ಎರಡೂ ಚಿತ್ರ ಜೋಡಿಸಿಟ್ಟು, "ಅಜ್ಜಾರ, ಚುಕ್ಕಿ ಹೋಗೇತಿ" ಎಂದರು.

"ಸಾಹೇಬ್ರ, ಅದೀಗ ನಿಮ್ಮ ಮೂಗಿನ ಮ್ಯಾಲ ಕುಂತೈತ್ರಿ."

"ಅದು ನಿಮ್ಮ ಸಬ್ಜೆಕ್ಟಿವ್ ಫೀಲಿಂಗ್. ಸ್ಕ್ಯಾನ್ ಅಂದ್ರ ಆಬ್ಜೆಕ್ಟಿವ್."

ಈ ಎರಡೂ ಶಬ್ದ ಬಿ.ಎ. ಓದುವಾಗ ಬಂದಿದ್ದವು, ಯಾವುದರ ಅರ್ಥ ಯಾವುದೋ ಮರೆತಿದ್ದೆ. ಈಗ ತಿಳಿಯಿತು: ರೋಗಿಗೆ ಕಾಣುವುದು ಸಬ್ಜೆಕ್ಟಿವ್, ಊಟದ ಗಂಟೆ ಆಬ್ಜೆಕ್ಟಿವ್.

ನಾನು ಯಂತ್ರದ ವೈರಿಯಲ್ಲ. ಅಳೆಯದೆ ಕಣ್ಣಿಗೆ ಲೇಸರ್ ಹೊಡೆಯಿರಿ ಎನ್ನುವಷ್ಟು ಹುಂಬನೂ ಅಲ್ಲ. ಆದರೆ ಮೊದಲು ನಾಲ್ಕೂ ದಿಕ್ಕಿಗೆ ಹೊರಳಿಸಿ ಹಿಡಿದದ್ದನ್ನು ಆಮೇಲೆ ಒಂದೇ ದಿಕ್ಕಿನಲ್ಲಿ ಹುಡುಕಿ, ಸಿಗಲಿಲ್ಲವೆಂದು ಲೇಸರಿಗೆ ಯಶಸ್ಸಿನ ಪಟ್ಟ ಕಟ್ಟುವುದು ಯಾವ ಶಾಸ್ತ್ರ? ಒಂದೇ ಮಗ್ಗುಲು ನೋಡಿ ಕಲೆ ಇಲ್ಲ ಎಂದವನಿಗೆ ನಮ್ಮ ಇಂಡಿಯ ನಿಂಬೆ ಹರಾಜಿನಲ್ಲಿ ಮತ್ತೊಮ್ಮೆ ರಾಶಿ ಮುಟ್ಟಗೊಡುವುದಿಲ್ಲ.

ಹಣ್ಣನ್ನೇನೋ ಈಗ ಸುವರ್ಣಾ ಆರಿಸುತ್ತಾಳೆ. ನನ್ನ ತಕರಾರು ಬೇರೆ. ತೀರಿಹೋದ ನನ್ನ ಹೆಂಡತಿ ಬಾಳಮ್ಮನದು ಇರುವುದೇ ಒಂದು ಫೋಟೊ. ಲಚ್ಯಾಣದ ಮಠಕ್ಕೆ ಹೋದಾಗ ತೆಗೆಸಿದ್ದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾಳೆ. ಬೆಳಿಗ್ಗೆ ಹೂವು ಏರಿಸಿ ನೋಡಿದರೆ ಮುಖದ ಮೇಲೆ ನೊಣ. ಟವೆಲ್ ಬೀಸುತ್ತೇನೆ. ಕೆನ್ನೆಯಿಂದ ಎದ್ದು ಹಣೆಗೆ ಕೂರುತ್ತದೆ. "ಅಲ್ಲಿ ನೊಣಾ ಇಲ್ರೀ ಮಾವಾರ" ಎನ್ನುತ್ತಾಳೆ ಸುವರ್ಣಾ. ಇಲ್ಲವೆಂದು ನನಗೂ ಗೊತ್ತು. ಕೈ ಕೇಳುವುದಿಲ್ಲ.

ಆದ್ದರಿಂದ ಮೊದಲಿನಂತೆಯೇ ಕಣ್ಣು ಹೊರಳಿಸಿ ಮತ್ತೊಮ್ಮೆ ಅಳೆಯಿರಿ. ಅಳತೆಯ ಪಕ್ಕದಲ್ಲಿ ನನಗೆ ಕಾಣುವುದನ್ನೂ ಬರೆದುಕೊಳ್ಳಿ. ಆಮೇಲೆ ಇನ್ನೊಂದು ಲೇಸರ್ ಕಣ್ಣಿಗೆ ಅಪಾಯ ಎಂದರೆ ಒಪ್ಪುತ್ತೇನೆ, ಚುಕ್ಕೆಯೊಂದಿಗೇ ಸಂಸಾರ ಮಾಡುತ್ತೇನೆ. ಅದು ಇಲ್ಲವೇ ಇಲ್ಲ ಎಂದು ಮಾತ್ರ ಹೇಳಬೇಡಿ. ಬರುವಾಗ ಬಾಳಮ್ಮನ ಫೋಟೊ ತರುತ್ತೇನೆ, ನೊಣ ಎಲ್ಲಿ ಕೂತಿದೆಯೆಂದು ಬೆರಳಿಟ್ಟು ತೋರಿಸುತ್ತೇನೆ. ನಿಮ್ಮ ಗೋಡೆಗೊಂದು ಮೊಳೆ ಹೊಡೆಸಿಡಿ.

ಇಂತಿ,
ನಿಮ್ಮ ಚಿತ್ರದ ಪ್ರಕಾರ ಗುಣವಾದ, ಟವೆಲ್ ಇನ್ನೂ ಕೆಳಗಿಡದ
ಗುರಪ್ಪ, ಹೊರ್ತಿ