ಮನುಷ್ಯರನ್ನು ಓದಿದ ನಾಲ್ವರು

ಚಿಕ್ಕಮ್ಮನಿಗೆ ನಮಸ್ಕಾರ. ನನ್ನ ಕೆಮ್ಮು ನಿಂತಿದೆ, ಚಿಂತೆ ಬೇಡ.

ನಾನು ಓದಲು ಸೇರಿದ ಈ ಕಾಲೇಜಿನಲ್ಲಿ ಮಾನವಶಾಸ್ತ್ರಕ್ಕೆ ನಾಲ್ಕು ಶಾಖೆ, ಶಾಖೆಗೊಬ್ಬ ಮಹಾಪಂಡಿತ. ಒಬ್ಬರು ಮೂಳೆ ಅಳೆಯುತ್ತಾರೆ, ಒಬ್ಬರು ನೆಲ ಅಗೆದು ಹಳೇ ಮಡಕೆ ಚೂರು ತರುತ್ತಾರೆ, ಒಬ್ಬರು ಜನರ ಮಾತು ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ನೆಂಟಸ್ತನ, ನಡವಳಿಕೆಗಳನ್ನು ಅಭ್ಯಾಸ ಮಾಡುತ್ತಾರೆ.

ನಿನ್ನೆ ಕಸ ಗುಡಿಸುವ ಅಜ್ಜಿ ಚೂರುಗಳ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿಯುವಾಗ ಜಾರಿ ಬಿದ್ದರು. ನಾಲ್ವರೂ ಓಡಿ ಬಂದರು. ಮೂಳೆಯವರು ದೂರದಿಂದಲೇ "ಮಣಿಕಟ್ಟು ಮುರಿದಿದೆ" ಎಂದು ತೀರ್ಪು ಕೊಟ್ಟರು. ಚೂರಿನವರು ಪೆಟ್ಟಿಗೆ ಎತ್ತಿಕೊಂಡರು. ಮಾತಿನವರು ಅಜ್ಜಿ ನರಳಿದ್ದನ್ನು ಪುಸ್ತಕದಲ್ಲಿ ಗೀಚಿಕೊಂಡರು. ನೆಂಟಸ್ತನದವರು "ಇವ್ರಿಗೆ ಮನೆಯವರು ಅಂತ ಯಾರಾದ್ರೂ ಇದಾರಾ?" ಎಂದು ನನ್ನನ್ನು ಕೇಳಿದರು. ಹದಿನೆಂಟು ವರ್ಷದಿಂದ ಅವರ ಮೇಜು ಒರೆಸುತ್ತಿರುವುದು ಇದೇ ಅಜ್ಜಿ! ಕೈಹಿಡಿದು ಎಬ್ಬಿಸಲು ಮಾತ್ರ ಯಾವ ಶಾಖೆಯವರೂ ಬಗ್ಗಲಿಲ್ಲ.

ನಾನೇ ಆಸ್ಪತ್ರೆಗೆ ಕರೆದೊಯ್ದೆ. ಚೀಟಿ ಬರೆಯುವಾಕೆ ಅಜ್ಜಿಯ ಹೆಸರು ಕೇಳಿದಳು. ಮೂರು ವಾರದಿಂದ ದಿನಾ ಅವರ ಕೈಯ ಚಹಾ ಕುಡಿದ ನಾನು ಅಜ್ಜಿಯ ಕಡೆಗೇ ತಿರುಗಿ "ನಿಮ್ಮ ಹೆಸರೇನು?" ಎಂದು ಕೇಳಿದೆ.

ಅಜ್ಜಿ ಆ ನೋವಿನಲ್ಲೂ ನಕ್ಕುಬಿಟ್ಟರು. "ಹೋಗ್ಲಿ ಬಿಡು ಮಗಳೇ, ನೀನೂ ಅವ್ರ ಹತ್ರಾನೇ ಅಲ್ವಾ ಕಲೀತಿರೋದು?"

ಅಂಚೆ ಕಾರ್ಡು ತುಂಬಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಅಕ್ಕನ ಮಗಳು