ಪಕ್ಕದ ಮನೆಯ ಆಂಟಿಯ ಹೆಸರು

ಕಿಂಗ್ಸ್‌ಬರಿ, ಲಂಡನ್
ಭಾನುವಾರ

ಪ್ರೀತಿಯ ಅಮ್ಮ,

ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಬರೆಯುತ್ತಿದ್ದೇನೆ. ಇಮೇಲ್ ಮಾಡಿದರೆ ತಮ್ಮ ಶಮಂತ್ ಮೈಸೂರಿನಲ್ಲಿ ಇದನ್ನು ಪ್ರಿಂಟ್ ತೆಗೆದು ನಿನಗೆ ಕೊಡುತ್ತಾನೆ.

ದಕ್ಷಿಣ ಆಫ್ರಿಕದ ವರ್ಣಭೇದದ ವಿರುದ್ಧ ಲಂಡನ್ನಿನಲ್ಲಿ ಹೋರಾಡಿದವರ ಫೋಟೋ ಪ್ರದರ್ಶನ ಕೊಲಿಂಡೇಲ್‌ನಲ್ಲಿ ನಡೆಯಲಿದೆ. ಒಂದು ಫೋಟೋದಲ್ಲಿ, ನೀನು ಇಲ್ಲಿ ಲಂಡನ್ನಿನಲ್ಲಿದ್ದಾಗಿನ ನಮ್ಮ ಪಕ್ಕದ ಮನೆಯ ಆಂಟಿ ಇದ್ದಾರೆ. ಜೊತೆಗಿರುವ ಗಂಡಸರಿಗೆಲ್ಲ ಹೆಸರಿದೆ. ಆಂಟಿ ಮಾತ್ರ ‘ಅಪರಿಚಿತ ಮಹಿಳೆ’.

ದಕ್ಷಿಣ ಆಫ್ರಿಕದಿಂದ ದೇಶ ಬಿಟ್ಟು ಬಂದ ಹೋರಾಟಗಾರರೆಲ್ಲ ಮೊದಲು ಮಲಗುತ್ತಿದ್ದುದು ಅವರ ಮನೆಯಲ್ಲೇ ಅಲ್ಲವೇ? ಹಾಸಿಗೆ ಸಾಲದಾದಾಗ ನಮ್ಮ ಚಾಪೆಗಳೂ ಅಲ್ಲಿಗೆ ಹೋಗುತ್ತಿದ್ದವು. ಆಸ್ಪತ್ರೆಯ ಕೆಲಸ ಮುಗಿಸಿ ಬಂದು ನೀನು ಬಿಸಿಬೇಳೆಭಾತ್ ಮಾಡಿ ಕಳಿಸುತ್ತಿದ್ದೆ. “ಭಾಷಣ ಆಯ್ತಲ್ಲ, ಈಗ ಪಾತ್ರೆ ತೊಳೀರಿ” ಎಂದು ಆಂಟಿ ಆ ನಾಯಕರನ್ನು ಸಿಂಕಿನ ಮುಂದೆ ನಿಲ್ಲಿಸುತ್ತಿದ್ದುದು ನೆನಪಾದರೆ ಈಗಲೂ ನಗು ಬರುತ್ತದೆ.

ಆದರೆ ಪ್ರದರ್ಶನದವರು ಹೆಸರು ಕೇಳಿದಾಗ ನನಗೆ ಹೇಳಲಾಗಲಿಲ್ಲ. ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ನೀನು, “ದೊಡ್ಡೋರ ಹೆಸರು ತಗೊಂಡು ನಿನಗೇನೇ ಆಗ್ಬೇಕು? ಆಂಟಿ ಅನ್ನು, ಸಾಕು” ಎಂದಿದ್ದೆ. ಅವರು ನರ್ಸ್ ಆದ್ದರಿಂದ ನೀನು ಸಿಸ್ಟರ್ ಎನ್ನುತ್ತಿದ್ದೆ. ಗೌರವ ಕೊಡುತ್ತ ಕೊಡುತ್ತ ನಾವೇ ಅವರ ಹೆಸರನ್ನು ಕಳೆದೆವೇ? ಆಂಟಿ ತೀರಿಹೋಗಿದ್ದಾರೆ, ಕೇಳಲು ಅವರ ಕಡೆಯವರು ಯಾರೂ ಇಲ್ಲ.

ಶುಕ್ರವಾರ ಫೋಟೋ, ಹೆಸರುಗಳಿರುವ ಪ್ರದರ್ಶನದ ಬೋರ್ಡುಗಳು ಪ್ರಿಂಟಿಗೆ ಹೋಗುತ್ತವೆ. ಪೂರ್ತಿ ಹೆಸರು ಹೊಳೆಯದಿದ್ದರೆ ಅರ್ಧವನ್ನಾದರೂ ಅಷ್ಟರೊಳಗೆ ಶಮಂತನ ಕೈಲಿ ಬರೆಸಿ ಕಳಿಸು. ನೆನಪಾಗದಿದ್ದರೂ ಪರವಾಗಿಲ್ಲ ಎಂದು ಬರೆಯಹೊರಟಿದ್ದೆ. ಪರವಾಗಿಲ್ಲ ಎನ್ನಲು ಮನಸ್ಸು ಬರುತ್ತಿಲ್ಲ, ಅಮ್ಮ.

ನಿನ್ನ ಮಗಳು,
ಮಾಳವಿಕಾ